ಐದಿಂಚು ಗೇಜಿನ ಉಗಿಬಂಡಿ ಕಟ್ಟಿದ್ದು ಹೀಗೆ

ನಾವು ಕಟ್ಟಿದ್ದು ಉಗಿಯಿಂದಲೇ ಓಡುವ ಪುಟ್ಟ ಮಾದರಿ ರೈಲು ಎಂಜಿನ್. ನಮ್ಮದು ಐದಿಂಚು ಗೇಜು, ಅಂದರೆ ಹಳಿಗಳ ನಡುವೆ 127 ಮಿ.ಮೀ. ಸ್ವಯಂಸೇವಕರ ವರ್ಕ್‌ಶಾಪಿನಲ್ಲಿ ಒಬ್ಬರು ಹಿಡಿದ ಕೆಲಸವನ್ನು ಇನ್ನೊಬ್ಬರು ಮುಗಿಸುತ್ತಾರೆ. ಹಾಗಾಗಿ ಅಳತೆಯನ್ನು ಯಾರ ನೆನಪಿಗೂ ಬಿಡದೆ ಮೊದಲು ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಜಿಗ್‌ಗಳನ್ನೇ ಮಾಡಿಟ್ಟುಕೊಂಡೆವು.

ಫ್ರೇಮಿನ ಎರಡು ಪಕ್ಕಗಳಿಗೂ 3 ಮಿ.ಮೀ. ಉಕ್ಕಿನ ಪ್ಲೇಟು. ಎರಡನ್ನೂ ಬೋಲ್ಟ್ ಹಾಕಿ ಸೇರಿಸಿ ಒಟ್ಟಿಗೇ ತೂತು ಕೊರೆದೆವು. ಕೋಲ್ಡ್ ರೋಲ್ಡ್ (ತಣ್ಣಗಿದ್ದಾಗ ಉರುಳೆಯಲ್ಲಿ ಒತ್ತಿದ) ಪ್ಲೇಟು ನೋಡಲು ನುಣುಪು, ಆದರೆ ಚಕ್ರದ ಅಚ್ಚನ್ನು ಹಿಡಿಯುವ ಆಕ್ಸಲ್‌ಬಾಕ್ಸಿನ ಕಿಂಡಿ ಕತ್ತರಿಸುತ್ತಲೇ ಒಳಗಿನ ಬಿಗಿತ ಸಡಿಲಾಗಿ ಬಾಗಿಬಿಡುತ್ತದೆ. ಬಿಸಿಯಲ್ಲೇ ಒತ್ತಿದ ಹಾಟ್ ರೋಲ್ಡ್ ವಾಸಿ.

ನಿಜವಾದ ತಲೆನೋವು ಚಕ್ರ ಕೂರಿಸುವುದು. ಚಕ್ರ ತಿರುಗಿಸುವ ರಾಡ್ ಕೂರುವ ಎಡಬಲ ಕ್ರ್ಯಾಂಕ್‌ಪಿನ್‌ಗಳ ನಡುವೆ 90 ಡಿಗ್ರಿ ಇರಬೇಕು. ಅರ್ಧ ಡಿಗ್ರಿ ಆಚೀಚೆಯಾದರೂ ಓಡುತ್ತದೆ, ಆದರೆ ಎಲ್ಲ ಆಕ್ಸಲ್‌ಗಳಲ್ಲೂ ಅಷ್ಟೇ ಆಗಿರಬೇಕು; ಎಲ್ಲವನ್ನೂ ಒಂದೇ ಜಿಗ್‌ನಲ್ಲಿ ಕೂರಿಸಲು ಕಾರಣ ಅದು. ಚಕ್ರಕ್ಕೂ ಆಕ್ಸಲ್‌ಗೂ ನಡುವೆ 0.05 ಮಿ.ಮೀ. ಸಡಿಲ ಬಿಟ್ಟು, ಲೋಹ ಹಿಡಿಸುವ ಅಂಟು ಲಾಕ್‌ಟೈಟ್ 638 ಹಚ್ಚಿದೆವು. ಬೇಗ ಹಿಡಿದುಕೊಳ್ಳುತ್ತದೆ, ಹಚ್ಚಿದ ಮೇಲೆ ಯೋಚಿಸುತ್ತ ನಿಲ್ಲುವಂತಿಲ್ಲ. ಆಮೇಲೆ ಒಂದೇ ಬದಿಗೆ, ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್ ಹಾಕಿ ತಿರುಗಿಸಿ ನೋಡಿ. ಪಿನ್ನುಗಳು ಆಕ್ಸಲ್‌ಗಳ ಸಾಲಿನಲ್ಲೇ ಬರುವ ಡೆಡ್ ಸೆಂಟರ್‌ನಲ್ಲಿ ಬಿಗಿದರೆ ರಾಡ್‌ನ ಉದ್ದ ತಪ್ಪು. ಒಂದೊಂದು ಬದಿಯೂ ಸಲೀಸಾಗಿ ತಿರುಗಿ, ಎರಡೂ ಹಾಕಿದಾಗ ಸಿಕ್ಕಿಕೊಂಡರೆ ಕೋನ ತಪ್ಪು. ಇದನ್ನು ಪತ್ತೆಮಾಡದೆ ರಾಡ್‌ನೊಳಗಿನ ಬುಷ್‌ಗಳ ತೂತನ್ನೇ ಹಿಗ್ಗಿಸುವವರಿದ್ದಾರೆ. ಬಂಡಿ ಓಡುತ್ತದೆ ನಿಜ, ಗಡಗಡ ಎನ್ನುತ್ತ.

ಬಾಯ್ಲರ್ ತಾಮ್ರದ್ದು, ಜೋಡಣೆ ಸಿಲ್ವರ್ ಬ್ರೇಜಿಂಗ್, ಅಂದರೆ ಬೆಳ್ಳಿ ಬೆರೆತ ಬೆಸುಗೆ. ಮೊದಲ ಜೋಡಣೆಗಳಿಗೆ 740 ಡಿಗ್ರಿ ಸೆಲ್ಸಿಯಸ್ ದಾಟಿ ಕರಗುವ ಕಡ್ಡಿ, ಕೊನೆಯವಕ್ಕೆ 630ರಿಂದ 660ರಲ್ಲಿ ಕರಗುವ ಶೇ. 55 ಬೆಳ್ಳಿಯ ಕಡ್ಡಿ. ಇಲ್ಲವಾದರೆ ಈಗಿನ ಬೆಸುಗೆ ಹಾಕುವಾಗ ಹಿಂದಿನದು ಬಿಡುತ್ತದೆ. ಕ್ಯಾಡ್ಮಿಯಂ ಇರುವ ಹಳೇ ಕಡ್ಡಿ ಮುಟ್ಟಲೇಬೇಡಿ, ಹೊಗೆ ವಿಷ. ತಾಮ್ರ ಶಾಖವನ್ನು ಎಲ್ಲೆಡೆ ಹಂಚಿಬಿಡುವುದರಿಂದ ಸಣ್ಣ ಬರ್ನರ್ ಸಾಲದು: ಸುತ್ತ ಶಾಖನಿರೋಧಕ ಇಟ್ಟಿಗೆ ಜೋಡಿಸಿ, ಇಬ್ಬರು ಎರಡು ಪ್ರೊಪೇನ್ ಬರ್ನರ್ ಹಿಡಿದು ಬೇಗ ಬಿಸಿ ಮಾಡಬೇಕು. ತಡವಾದಷ್ಟೂ, ಬೆಸುಗೆ ಹರಿಯಲೆಂದು ಹಚ್ಚುವ ಫ್ಲಕ್ಸ್ ಸತ್ತು ಕಪ್ಪಾಗುತ್ತದೆ, ಬೆಸುಗೆ ಹರಿಯದೆ ಉಂಡೆಗಟ್ಟುತ್ತದೆ. ಫ್ಲಕ್ಸ್ ನೀರಿನಂತೆ ತಿಳಿಯಾದಾಗ ಕಡ್ಡಿ ತಾಗಿಸಿ. ಅದನ್ನು ಕರಗಿಸಬೇಕಾದ್ದು ಜ್ವಾಲೆಯಲ್ಲ, ತಾಮ್ರ. ಆರಿದ ಮೇಲೆ ಸಿಟ್ರಿಕ್ ಆಮ್ಲದಲ್ಲಿ ನೆನೆಸಿದರೆ ಬಿಟ್ಟುಹೋದ ಜಾಗ ಕಣ್ಣಿಗೆ ಬೀಳುತ್ತದೆ.

ಕೆಲಸದ ಒತ್ತಡ ಚದರ ಇಂಚಿಗೆ 80 ಪೌಂಡು, ಅಂದರೆ 80 ಪಿಎಸ್‌ಐ, ಆದ್ದರಿಂದ ಹೊಸ ಬಾಯ್ಲರನ್ನು ಅದರ ಎರಡರಷ್ಟು, 160ಕ್ಕೆ ನೀರಿನಿಂದಲೇ ಪರೀಕ್ಷಿಸಿದೆವು. ಗಾಳಿ ಒಂದಿಷ್ಟೂ ಉಳಿಯಬಾರದು. ಹಿಗ್ಗುವ ಗಾಳಿ ಬಾಯ್ಲರನ್ನು ಸಿಡಿಸುತ್ತದೆ, ನೀರಾದರೆ ಸೋರಿ ನಿಲ್ಲುತ್ತದೆ. ಫೈರ್‌ಬಾಕ್ಸಿನ ಪಕ್ಕಗಳು ಉಬ್ಬುತ್ತವೆಯೇ ಎಂದು ಸ್ಕೇಲಿಟ್ಟು ನೋಡಿ.

ಬೆಂಕಿಗೆ ಮುನ್ನ ಸಿಲಿಂಡರುಗಳಿಗೆ ಕಂಪ್ರೆಸರ್ ಗಾಳಿ ಕೊಟ್ಟು, ಹಬೆಯನ್ನು ಒಳಬಿಟ್ಟು ಹೊರಬಿಡುವ ವಾಲ್ವ್ ಹೊಂದಿಸಿದೆವು. ಚಕ್ರದ ಒಂದು ಸುತ್ತಿನಲ್ಲಿ ನಾಲ್ಕು ಉಸಿರು ಸಮನಾಗಿ ಕೇಳಬೇಕು. ಹಬೆ ಬಂದ ಮೇಲೆ ಬೆಂಕಿಗೆ ಗಾಳಿ ಎಳೆಯುವ ಬ್ಲೋವರ್ ಪೂರ್ತಿ ತೆರೆದು ಬೆಂಕಿ ಜೋರು ಮಾಡಿ: ಸೇಫ್ಟಿ ವಾಲ್ವ್ ಬಿಚ್ಚಿಕೊಂಡ ಮೇಲೂ ಒತ್ತಡಮಾಪಕದ ಮುಳ್ಳು 88 (80ಕ್ಕಿಂತ ಶೇ. 10 ಹೆಚ್ಚು) ದಾಟಿದರೆ ಆ ವಾಲ್ವ್ ಚಿಕ್ಕದು, ಬದಲಾಯಿಸಿ.