ಅವ್ವ, ಮಗಳು ಇಬ್ಬರೇ ವಿದೇಶಕ್ಕೆ: ನಮ್ಮ ತಯಾರಿ

ಒಂಟಿ ಹೆಣ್ಣುಮಗಳು ದತ್ತು ಮಗುವನ್ನು ಕರೆದುಕೊಂಡು ವಿದೇಶಕ್ಕೆ ಹೊರಟರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಅಪ್ಪ ಎಲ್ಲಿ?’ ಪಾಸ್‌ಪೋರ್ಟ್ ಕೌಂಟರ್, ವೀಸಾ ಕೇಂದ್ರ, ಇಮಿಗ್ರೇಷನ್, ಎಲ್ಲ ಕಡೆ ಇದೇ. ಕೇಳುವವರ ತಪ್ಪೇನಿಲ್ಲ. ಮಕ್ಕಳನ್ನು ಯಾರೋ ಕದ್ದು ಸಾಗಿಸದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ. ಆದರೆ ಆ ಉತ್ತರ ಮಗುವಿನ ಬಾಯಿಂದ ಬರಬಾರದು, ಕಾಗದದಿಂದ ಬರಬೇಕು. ನನ್ನ ತಯಾರಿಯೆಲ್ಲ ನಡೆದದ್ದು ಇದಕ್ಕಾಗಿಯೇ.

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮದುವೆಯಾಗಿಲ್ಲ. ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ‘ಕಾರಾ’ (CARA) ಮೂಲಕ ಮಗಳು ಮನೆಗೆ ಬಂದಾಗ ಅವಳಿಗೆ ನಾಲ್ಕು ದಾಟಿತ್ತು. ತಮ್ಮ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾನೆ. ಬೇಸಿಗೆ ರಜೆಗೆ ಇಬ್ಬರೂ ಬನ್ನಿ ಎಂದು ಕರೆದ.

ಎಲ್ಲಕ್ಕೂ ಬುಡ ದತ್ತು ಆದೇಶ. ಮಗು ಮನೆಯಲ್ಲಿದ್ದರೂ ಆದೇಶ ಕೈಗೆ ಬರುವವರೆಗೆ ಅದು ಪೋಷಣೆಯ ಅವಧಿ ಮಾತ್ರ. ಆಗ ಪ್ರವಾಸದ ಮಾತೇ ಬೇಡ. 2022ರ ಸೆಪ್ಟೆಂಬರ್‌ನಿಂದ ಈ ಆದೇಶವನ್ನು ಕೋರ್ಟ್ ಬದಲು ಜಿಲ್ಲಾಧಿಕಾರಿಯೇ ಕೊಡುತ್ತಾರೆ. ನಮ್ಮದು ಕನ್ನಡದಲ್ಲಿತ್ತು. ಓದಿ ಬಹಳ ಖುಷಿಯಾಯಿತು, ಆದರೆ ವೀಸಾದವರಿಗೆ ಇಂಗ್ಲಿಷ್ ಪ್ರತಿ ಬೇಕಲ್ವಾ? ಅನುವಾದ ಮಾಡಿಸಿ ನೋಟರಿ ಹಾಕಿಸಿದೆ. ಹೆಸರು, ಹುಟ್ಟಿದ ದಿನ, ಆದೇಶದ ಸಂಖ್ಯೆ ಎಲ್ಲವನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿದೆ. ಈ ಕೆಲಸವನ್ನು ಬೇರೆಯವರ ಕೈಗೆ ಬಿಡಬೇಡಿ.

ಆಮೇಲೆ ಜನನ ಪ್ರಮಾಣಪತ್ರ. ಆದೇಶದ ನಂತರ ಬರುವ ಹೊಸ ಪತ್ರದಲ್ಲಿ ದತ್ತು ಪಡೆದವರೇ ತಂದೆ, ತಾಯಿ. ನಮ್ಮದರಲ್ಲಿ ತಾಯಿಯ ಹೆಸರು ನನ್ನದು, ತಂದೆಯ ಜಾಗ ಖಾಲಿ. ಮಗು ದತ್ತು ಎಂದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದಕ್ಕೇ ನಾನು ಎಲ್ಲ ಕಡೆ ಮೊದಲು ಇದನ್ನೇ ಕೊಡುತ್ತಿದ್ದೆ. ಆದೇಶ ಬೇರೆ ಲಕೋಟೆಯಲ್ಲಿ, ಕೇಳಿದರೆ ಮಾತ್ರ. ಮಗಳ ಕಥೆ ಅವಳದು. ಕೌಂಟರಿನಲ್ಲಿ ಕೂತವರಿಗೆಲ್ಲ ಅದನ್ನು ಬಿಚ್ಚಿಡುವ ಅಗತ್ಯವಿಲ್ಲ.

ಪಾಸ್‌ಪೋರ್ಟ್ ಕೆಲಸ ನಮ್ಮೂರಲ್ಲೇ ಆಯಿತು. 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲಾದ ಮೇಲೆ ತಂದೆ ಅಥವಾ ತಾಯಿ, ಒಬ್ಬರ ಹೆಸರಿದ್ದರೆ ಸಾಕು. ದೇಶದೊಳಗೆ ದತ್ತು ಪಡೆದ ಮಗುವಿಗೆ ನೋಂದಾಯಿತ ದತ್ತು ಪತ್ರವನ್ನೂ ಈಗ ಕೇಳುವಂತಿಲ್ಲ. ಒಂಟಿ ಪೋಷಕರು ಅರ್ಜಿಯ ಜೊತೆ ‘ಅನುಬಂಧ ಸಿ’ (Annexure C) ಎಂಬ ನಮೂನೆಯಲ್ಲಿ ಘೋಷಣೆ ಕೊಡಬೇಕು. ತಂದೆಯ ಹೆಸರಿನ ಜಾಗದಲ್ಲಿ ಅಜ್ಜನದೋ ಮಾಮನದೋ ಹೆಸರು ಬರೆಯಿರಿ ಎಂದು ಸಲಹೆ ಕೊಡುವವರು ಇರುತ್ತಾರೆ. ಬರೆಯಲೇಬೇಡಿ, ಖಾಲಿ ಬಿಡಿ.

ವೀಸಾ ಷೆಂಗೆನ್‌ದು, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ನಮಗೆ ಹೈದರಾಬಾದೇ ಹತ್ತಿರ, ಅಲ್ಲೇ ಅರ್ಜಿ ಕೊಟ್ಟೆವು. ಆರು ವರ್ಷದೊಳಗಿನವರಿಗೆ ವೀಸಾ ಶುಲ್ಕವಿಲ್ಲ, ಹನ್ನೆರಡರೊಳಗಿನವರಿಗೆ ಬೆರಳಚ್ಚು ಇಲ್ಲ. ಕನಿಷ್ಠ 30,000 ಯೂರೋ ವಿಮೆ ಮಾತ್ರ ಮಕ್ಕಳಿಗೂ ಬೇಕು. ತಂದೆ, ತಾಯಿ ಇಬ್ಬರ ಒಪ್ಪಿಗೆ ಕೇಳುವ ಕಡೆ ನಾನು ದತ್ತು ಆದೇಶ ಲಗತ್ತಿಸಿ, ಮಗುವಿನ ಜವಾಬ್ದಾರಿ ನನ್ನೊಬ್ಬಳದೇ ಎಂದು ಪತ್ರ ಬರೆದೆ.

ದತ್ತಿನ ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ದತ್ತು ಸಂಸ್ಥೆಯವರು ಮಗುವನ್ನು ನೋಡಿ ವರದಿ ಬರೆಯುತ್ತಾರೆ. ನಮ್ಮದು ಇನ್ನೂ ಮುಗಿದಿರಲಿಲ್ಲ. ಹೋಗುವ, ಬರುವ ದಿನಾಂಕವನ್ನು ಸಂಸ್ಥೆಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಬರೆದು ಕೊಟ್ಟೆ. ಒಂಟಿ ಪೋಷಕರಿಗೆ ಏನಾದರೂ ಆದರೆ ಮಗುವನ್ನು ನೋಡಿಕೊಳ್ಳುತ್ತೇವೆ ಎಂದು ದತ್ತಿನ ಹೊತ್ತಿಗೆ ಹತ್ತಿರದವರೊಬ್ಬರು ಬರೆದು ಕೊಟ್ಟಿರುತ್ತಾರೆ. ನಮಗೆ ಬೀದರಿನ ಅಕ್ಕ ಕೊಟ್ಟಿದ್ದಳು. ಎಲ್ಲ ಕಾಗದದ ಒಂದೊಂದು ಪ್ರತಿ ಅವಳ ಹತ್ತಿರ, ಇನ್ನೊಂದು ತಮ್ಮನ ಹತ್ತಿರ ಇಟ್ಟೆ.

ಇಷ್ಟೆಲ್ಲ ಕಾಗದದ ಮಾತಾಯಿತು. ನಿಜವಾಗಿ ಕಷ್ಟವಾದದ್ದು ಸೂಟ್‌ಕೇಸ್. ಅಟ್ಟದಿಂದ ಇಳಿಸಿದ ದಿನದಿಂದಲೇ ಮಗಳು ಊಟ ಕಡಿಮೆ ಮಾಡಿದಳು. ರಾತ್ರಿ ನನ್ನ ಸೆರಗು ಹಿಡಿದೇ ಮಲಗುತ್ತಿದ್ದಳು. ಒಂದು ಸಲ ಕೇಳಿಯೇಬಿಟ್ಟಳು: “ಅವ್ವಾ, ನನ್ನ ಅಲ್ಲೇ ಬಿಟ್ಟು ಬರ್ತೀ?” ಅವಳಿಗೆ ಗೊತ್ತಿರುವ ಹಾಗೆ ಬಟ್ಟೆ ಕಟ್ಟುವುದೆಂದರೆ ಇದ್ದ ಜಾಗ ಬಿಡುವುದು. ಸಂಸ್ಥೆಯಿಂದ ನಮ್ಮ ಮನೆಗೆ ಬಂದದ್ದೂ ಹಾಗೇ ತಾನೆ?

“ಇಬ್ಬರೂ ಕೂಡಿ ಹೋಗೂದು, ಕೂಡಿ ಬರೂದು” ಎಂದೆ. ಬಾಯಿಮಾತು ಸಾಲಲಿಲ್ಲ. ಕ್ಯಾಲೆಂಡರಿನಲ್ಲಿ ಹೊರಡುವ ದಿನಕ್ಕಿಂತ ದೊಡ್ಡದಾಗಿ ವಾಪಸ್ ಬರುವ ದಿನ ಬರೆದೆವು. ವಾಪಸ್ ಟಿಕೆಟ್ ಮುದ್ರಿಸಿ ಅವಳ ಕೈಗೇ ಕೊಟ್ಟೆ. ಯಾವ ಆಟಿಕೆ ಮನೆ ಕಾಯಬೇಕು, ಯಾವುದು ನಮ್ಮ ಜೊತೆ ಬರಬೇಕು, ಅವಳೇ ಆರಿಸಿದಳು. ಬಂದ ಮೇಲೆ ಶರಣಬಸವೇಶ್ವರ ಗುಡಿಗೆ ಹೋಗೋಣ ಎಂದು ಮೊದಲೇ ಮಾತಾಡಿಕೊಂಡೆವು. ಪ್ಯಾಕಿಂಗ್ ಅವಳು ಮಲಗಿದ ಮೇಲೆ ಮಾಡಲಿಲ್ಲ. ಅವಳ ಎದುರೇ, ಅವಳ ಕೈಯಿಂದಲೇ ಮಾಡಿಸಿದೆ. ನನ್ನ ಬಟ್ಟೆ, ಅವಳ ಬಟ್ಟೆ ಒಂದೇ ಪೆಟ್ಟಿಗೆಯಲ್ಲಿ. ಬೇರೆ ಬೇರೆ ಮಾಡಿದರೆ ಮತ್ತೆ ಅದೇ ಭಯ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಾಗ ಸ್ವಲ್ಪ ನಕ್ಕಳು.

ಅಧಿಕಾರಿಗಳು ಏನಾದರೂ ಕೇಳಿದರೆ ಹೀಗೆ ಹೇಳು ಎಂದು ಮಗುವಿಗೆ ಪಾಠ ಮಾಡಬೇಡಿ. ಬಾಯಿಪಾಠ ಮಾಡಿದ ಉತ್ತರ ಅವರಿಗೆ ಬೇಗ ಗೊತ್ತಾಗುತ್ತದೆ, ಅನುಮಾನ ಜಾಸ್ತಿಯಾಗುತ್ತದೆ. ‘ನಿನ್ನ ಹೆಸರು, ಇವರು ಯಾರು ಅಂತ ಕೇಳಬಹುದು, ಇದ್ದದ್ದು ಹೇಳು’ ಎಂದಷ್ಟೇ ಹೇಳಿದ್ದೆ.

ನೆದರ್‌ಲ್ಯಾಂಡ್ಸ್‌ನ ಗಡಿ ಪೊಲೀಸರು ಒಬ್ಬರೇ ದೊಡ್ಡವರ ಜೊತೆ ಬರುವ ಮಕ್ಕಳನ್ನು ವಿಶೇಷವಾಗಿ ಗಮನಿಸುತ್ತಾರೆ. ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ನಮ್ಮನ್ನೂ ಕೇಳಿದರು. ಜನನ ಪ್ರಮಾಣಪತ್ರ ನೋಡಿದರು, ತಂದೆಯ ಬಗ್ಗೆ ಕೇಳಿದರು. ನಾನು ಮಾತಾಡದೆ ಲಕೋಟೆ ಮುಂದಿಟ್ಟೆ. ಅಧಿಕಾರಿ ಓದಿ, ಮಗಳ ಹೆಸರು ಕೇಳಿ, ಮುದ್ರೆ ಒತ್ತಿ ಕಳಿಸಿದರು. ಅವಳ ಮುಂದೆ ದತ್ತಿನ ಮಾತು ಬರಲೇ ಇಲ್ಲ.

ನನ್ನ ಹಾಗೆ ಒಬ್ಬರೇ ದತ್ತು ಪಡೆಯುತ್ತಿರುವವರಿಗೆ ಒಂದು ಮಾತು. ಎಲ್ಲಿಗೂ ಹೋಗುವ ಯೋಚನೆ ಇಲ್ಲದಿದ್ದರೂ ಆದೇಶ ಮತ್ತು ಜನನ ಪತ್ರ ಕೈಗೆ ಬಂದ ಕೂಡಲೇ ಪಾಸ್‌ಪೋರ್ಟ್ ಮಾಡಿಸಿಡಿ. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷ ನಡೆಯುತ್ತದೆ, ಎಂಟು ವರ್ಷದೊಳಗಿನವರಿಗೆ ಶುಲ್ಕದಲ್ಲಿ ಶೇಕಡಾ 10 ರಿಯಾಯಿತಿಯೂ ಇದೆ.