ಮುರಕಲ್ಲಿನ ಗೋಡೆಗೆ ಸುಣ್ಣದ ಗಾರೆ: ಹಳೆ ಮನೆಯಲ್ಲಿ ನಾನು ಮಾಡಿದ ಕೆಲಸ

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಹಳೆ ಮನೆಗಳ ಕಾಯಿಲೆ ಹೆಚ್ಚುಕಡಿಮೆ ಒಂದೇ. ಒಳಗಿನ ಗೋಡೆ ಸೊಂಟದ ಎತ್ತರದವರೆಗೆ ಒದ್ದೆ. ಬಣ್ಣ ಗುಳ್ಳೆ ಎದ್ದು ಉದುರುತ್ತದೆ, ಅದರಡಿ ಬಿಳಿ ಉಪ್ಪು. ಮದ್ದೂ ಎಲ್ಲರದ್ದೂ ಒಂದೇ: ಕೆರೆದು, ಪುಟ್ಟಿ ಹಾಕಿ, ವಾಟರ್‌ಪ್ರೂಫ್ ಬಣ್ಣ ಬಳಿಯುವುದು. ಒಂದೆರಡು ಮಳೆಗಾಲ ಕಳೆದರೆ ಮತ್ತೆ ಅದೇ ಕಥೆ. ಅಜ್ಜ ಮುರಕಲ್ಲಿನಲ್ಲಿ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ, ಕಟ್ಟಿಸಿದ ನಮ್ಮ ಮನೆಯದ್ದೂ ಇದೇ ಪಾಡು. ಶಾಲೆಗೆ ರಜೆ ಇದ್ದಾಗಲೆಲ್ಲ ನಾನೇ ಕೈ ಹಾಕಿದೆ. ಕೆಲಸದವರು ಸಿಗುವುದೇ ಕಷ್ಟ. ಸಿಕ್ಕಿದರೂ ಸುಣ್ಣದ ಕೆಲಸ ಗೊತ್ತಿರುವವರು ಇನ್ನೂ ಕಡಿಮೆ.

ಮೊದಲು ನೀರು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಬೇಕು. ಅದಕ್ಕೆ ಸುಲಭದ ಪರೀಕ್ಷೆ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ತುಂಡನ್ನು ಗೋಡೆಗೆ ಇಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ತೆಗೆಯಿರಿ. ಒಳಬದಿ ಒದ್ದೆಯಾಗಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಬದಿಯಲ್ಲಿ ಹನಿ ಕೂತಿದ್ದರೆ ಅದು ಕೋಣೆಯ ಗಾಳಿಯ ಪಸೆ. ಅದಕ್ಕೆ ಕಿಟಕಿ ತೆರೆದರೆ ಸಾಕು. ನಮ್ಮಲ್ಲಿ ಒಳಬದಿ ಒದ್ದೆಯಾಗಿತ್ತು.

ಪರಿಚಯದ ಹಳೆ ಮೇಸ್ತ್ರಿಯೊಬ್ಬರನ್ನು ಕರೆದು ತೋರಿಸಿದೆ. ಅವರು ಗೋಡೆ ನೋಡಲೇ ಇಲ್ಲ, ಅಂಗಳಕ್ಕೆ ಇಳಿದರು. "ಮಾಷ್ಟ್ರೇ, ಪಂಚಾಂಗ ಎಲ್ಲಿ ಹೋಯ್ತು?" ಅಂತ ಕೇಳಿದರು. ಹೌದು, ವರ್ಷಗಟ್ಟಲೆ ಮಣ್ಣು ಏರಿಸಿ, ಮೇಲೆ ಇಂಟರ್‌ಲಾಕ್ ಹಾಸಿ, ಮನೆಯ ಪಂಚಾಂಗವೇ, ಅಂದರೆ ನೆಲದಿಂದ ಮೇಲೆ ಕಾಣಬೇಕಾದ ಅಡಿಪಾಯದ ಕಟ್ಟೆಯೇ, ಅಂಗಳದಲ್ಲಿ ಹೂತುಹೋಗಿತ್ತು. ಸೂರಿನ ನೀರು ಬಿದ್ದದ್ದು ನೇರ ಗೋಡೆಯ ಬುಡಕ್ಕೆ. ಕಾಸರಗೋಡಿಗೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅಷ್ಟು ನೀರಿಗೆ ದಾರಿ ಮಾಡಿಕೊಡದೆ ಗೋಡೆ ಒರೆಸಿ ಏನು ಪ್ರಯೋಜನ?

ಗೋಡೆಯ ಸುತ್ತ ಇಂಟರ್‌ಲಾಕ್ ಕಿತ್ತು, ಮಣ್ಣು ತೆಗೆದು, ಪಂಚಾಂಗ ಮತ್ತೆ ಕಾಣುವಂತೆ ಮಾಡಿದೆ. ಸೂರಿನ ನೀರು ಬೀಳುವಲ್ಲಿ ಕಣಿ ತೋಡಿ ತೋಟದ ಕಡೆಗೆ ಇಳಿಜಾರು ಕೊಟ್ಟೆ. ಇಡೀ ಕೆಲಸದಲ್ಲಿ ಬೆನ್ನು ಮುರಿದದ್ದು ಇದೊಂದೇ. ಖರ್ಚು ಮಾತ್ರ ಇಲ್ಲವೇ ಇಲ್ಲ ಅನ್ನಬಹುದು.

ಮಾಡಿನ (ಹೆಂಚಿನ ಚಾವಣಿಯ) ಕೆಲಸ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ ಮುಗಿಯಬೇಕು. ಆಮೇಲೆ ಮಳೆ ಯಾರ ಮಾತೂ ಕೇಳುವುದಿಲ್ಲ. ಹೆಂಚು ಇಳಿಸಿ ಒಂದೊಂದನ್ನೇ ಬೆರಳ ಗಂಟಿನಿಂದ ತಟ್ಟಿ ನೋಡಿದೆ. ಟಣ್ ಅಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಎಲ್ಲೋ ಸೀಳಿದೆ. ಹೆಂಚಿನ ಮೇಲಿನ ಮುದ್ರೆಯನ್ನೂ ನೋಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯುದ್ದಕ್ಕೂ ಎಷ್ಟೋ ಕಾರ್ಖಾನೆಗಳು ಬಂದವು. ನೋಡಲು ಎಲ್ಲ ಒಂದೇ ಥರ, ಆದರೆ ಒಂದರ ತೋಡಿಗೆ ಇನ್ನೊಂದರ ಅಂಚು ಸರಿಯಾಗಿ ಕೂರುವುದಿಲ್ಲ. ನಮ್ಮ ಮಾಡಿನಲ್ಲಿ ಮಂಗಳೂರಿನವು, ಕೋಝಿಕ್ಕೋಡ್ ಹತ್ತಿರದ ಫೆರೋಕಿನವು ಕಲಬೆರಕೆಯಾಗಿದ್ದವು. ಸೋರುತ್ತಿದ್ದದ್ದು ಅವು ಕೂಡುವ ಜಾಗದಲ್ಲೇ. ಮುದ್ರೆ ನೋಡಿ ಬೇರೆ ಮಾಡಿ, ಒಂದು ಬದಿಗೆ ಒಂದೇ ಜಾತಿ ಹೊದೆಸಿದೆ. ಕಡಿಮೆ ಬಿದ್ದದ್ದಕ್ಕೆ ಹಳೆ ಮನೆ ಕೆಡವಿದ ಕಡೆಯಿಂದ ಅದೇ ಮುದ್ರೆಯ ಹೆಂಚು ತಂದೆ.

ಹೆಂಚು ಹೊರುವ ಪಕ್ಕಾಸುಗಳು (ಇಳಿಜಾರು ತೊಲೆಗಳು) ಹಲಸಿನ ಮರದವು. ಸ್ಕ್ರೂಡ್ರೈವರ್ ಚುಚ್ಚಿ ನೋಡಿದರೆ ಗೋಡೆಯ ಮೇಲೆ ಕೂರುವ ತುದಿಗಳು ಮಾತ್ರ ಮೆತ್ತಗಾಗಿದ್ದವು. ಅಷ್ಟಕ್ಕೇ ಇಡೀ ಪಕ್ಕಾಸು ಬದಲಿಸಬೇಕಿಲ್ಲ. ಕೊಳೆತದ್ದನ್ನು ಕೊಯ್ದು, ಪಕ್ಕಕ್ಕೆ ಹೊಸ ತುಂಡು ಕೂಡಿಸಿ ಬೋಲ್ಟ್ ಬಿಗಿದರೆ ಆಯಿತು. ಆಮೇಲೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಬಳಿದೆ. ಗೆದ್ದಲಿಗೆ ಇದು ನಮ್ಮ ಕಡೆಯ ಹಳೆ ಮದ್ದು. ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಈಗ ಗೋಡೆ. ಅಪ್ಪನ ಕಾಲದಲ್ಲಿ ಒಳಗೋಡೆಗೆ ಸಿಮೆಂಟ್ ಗಾರೆ ಹಾಕಿಸಿದ್ದರು. ಆಗ ಅದೇ ಪ್ರಗತಿ, ಅಲ್ವಾ? ಉಳಿ ಇಟ್ಟು ಬಡಿದಾಗ ಹಲಗೆಯಂಥ ತುಂಡುಗಳೇ ಕಳಚಿ ಬಂದವು. ಹಿಂಬದಿಯಲ್ಲಿ ಕೆಂಪು ಹುಡಿ ಅಂಟಿತ್ತು, ಮುಟ್ಟಿದರೆ ತಣ್ಣಗೆ ಒದ್ದೆ. ಕಲ್ಲಿನ ಮೈಯೇ ಗಾರೆಯ ಜೊತೆ ಎದ್ದು ಬಂದಿತ್ತು. ಮುರಕಲ್ಲು ತುಂಬ ತೂತಿನ ಕಲ್ಲು, ನೆಲದ ಪಸೆಯನ್ನು ಮೇಲಕ್ಕೆ ಎಳೆಯುತ್ತದೆ. ಗೋಡೆ ಬರಿದಾಗಿದ್ದರೆ ಆ ಪಸೆ ಗಾಳಿಗೆ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಹಾಕಿದರೆ, ಬೆವರುವ ಮೈಗೆ ಪ್ಲಾಸ್ಟಿಕ್ ಕೋಟು ತೊಡಿಸಿದ ಹಾಗೆ. ಆರಲು ಜಾಗ ಸಿಗದೆ ನೀರು ಇನ್ನೂ ಮೇಲೇರುತ್ತದೆ. ಮುರಕಲ್ಲಿಗೆ ಮಳೆ ಶತ್ರುವಲ್ಲ. 17ನೇ ಶತಮಾನದಲ್ಲಿ ಕೆಳದಿಯ ನಾಯಕರು ಕಟ್ಟಿಸಿದ ಬೇಕಲ ಕೋಟೆಯೂ ಇದೇ ಕಲ್ಲಿನದ್ದು. ಸಮುದ್ರದ ಬದಿಯಲ್ಲೇ ನೆನೆಯುತ್ತದೆ, ಒಣಗುತ್ತದೆ, ನಿಂತೇ ಇದೆ.

ಹಾಗಾಗಿ ಸುಣ್ಣದ ಗಾರೆ. ಸುಟ್ಟ ಸುಣ್ಣ ತಂದು ನಾನೇ ಅರಳಿಸಿದೆ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪಸ್ವಲ್ಪವಾಗಿ ಸುಣ್ಣ. ಸುಣ್ಣದ ಮೇಲೆ ನೀರು ಸುರಿಯಲೇಬಾರದು, ಸಿಡಿಯುತ್ತದೆ. ನೀರಿಗೆ ಹಾಕಿದರೂ ಕೊತಕೊತ ಕುದಿಯುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಒಂದು ಹನಿ ಸಾಕು ಕಣ್ಣು ಹಾಳಾಗಲು. ತಣಿದ ಮೇಲೆ ಸೋಸಿ, ಮೇಲೆ ನೀರು ನಿಲ್ಲಿಸಿ, ಕೆಲವು ವಾರ ಹಾಗೇ ಬಿಟ್ಟೆ. ಹಳತಾದಷ್ಟೂ ಬೆಣ್ಣೆಯಂತೆ ಆಗುತ್ತದೆ. ಗಾರೆಗೆ ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಮರಳು. ಉಪ್ಪು ನೀರಿನ ಮರಳು ತಂದರೆ ಹೋದ ಉಪ್ಪನ್ನು ವಾಪಸ್ ಕರೆದ ಹಾಗಾಯಿತು. ಮೇಸ್ತ್ರಿ ಬೆಲ್ಲದ ನೀರು, ಅಣಲೆಕಾಯಿ ನೆನೆಸಿದ ನೀರು ಹಾಕಿಸಿದರು. ಗಾರೆ ಕರಣೆಗೆ ಚೆನ್ನಾಗಿ ಒಗ್ಗಿತು. ಬೆಲ್ಲದ ಡಬ್ಬಕ್ಕೆ ಇರುವೆಗಳೂ ಚೆನ್ನಾಗಿ ಒಗ್ಗಿದವು.

ಕಲ್ಲಿನ ಸಂದುಗಳನ್ನು ಕೆರೆದು, ಬ್ರಷ್ಷಿನಿಂದ ಹುಡಿ ತೆಗೆದು, ಗೋಡೆಗೆ ನೀರು ಚಿಮುಕಿಸಿದೆ. ಒಣ ಕಲ್ಲಿಗೆ ಗಾರೆ ಹಾಕಿದರೆ ಅದರ ನೀರನ್ನೆಲ್ಲ ಕಲ್ಲು ಹೀರಿ, ಗಾರೆ ಹುಡಿಯಾಗುತ್ತದೆ. ಒಂದು ಪದರ ಒಂದು ಸೆಂಟಿಮೀಟರಿಗಿಂತ ದಪ್ಪ ಬೇಡ. ಹೆಬ್ಬೆರಳು ಒತ್ತಿದರೆ ತಗ್ಗಾಗಬಾರದು, ಉಗುರಿನಲ್ಲಿ ಗೀರಿದರೆ ಗೆರೆ ಬೀಳಬೇಕು. ಆಗ ಎರಡನೆಯ ಪದರಕ್ಕೆ ಹೊತ್ತು. ಅಲ್ಲಿಯವರೆಗೆ ಒದ್ದೆ ಗೋಣಿ ನೇತುಹಾಕಿ, ಬಿಸಿಲು ತಾಗದಂತೆ ನೋಡಿಕೊಂಡೆ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು. ಅದು ನಿಧಾನದ ಕೆಲಸ, ಪಸೆಯೂ ಬೇಕು. ಫ್ಯಾನ್ ಹಾಕಿ ಬೇಗ ಒಣಗಿಸಿದರೆ ಬಿರುಕು ಬಿಡುತ್ತದೆ. ಕೊನೆಗೆ ತೆಳು ಸುಣ್ಣವನ್ನೇ ಮತ್ತೆ ಮತ್ತೆ ಬಳಿದೆ. ಪ್ಲಾಸ್ಟಿಕ್ ಬಣ್ಣ ಬಳಿದರೆ ಮಾಡಿದ್ದೆಲ್ಲ ನೀರಿಗೆ ಹೋಮ.

ರೆಡ್ ಆಕ್ಸೈಡ್ ನೆಲವನ್ನು ನಾನು ಮುಟ್ಟಲಿಲ್ಲ. ಮೂಲೆಯಲ್ಲಿ ಸಣ್ಣ ಬಿರುಕು ಇದೆ, ಇರಲಿ. ಮರದ ಪಟ್ಟಿಯ ಹಳೆ ವಯರಿಂಗ್ ಬದಲಿಸಲು ಲೈಸೆನ್ಸ್ ಇರುವ ವಯರ್‌ಮನ್‌ನ್ನೇ ಕರೆದೆ. ಒದ್ದೆ ಗೋಡೆ, ಕರೆಂಟು ಎರಡೂ ಒಟ್ಟಿಗೆ ಇರುವಲ್ಲಿ ಸ್ವಂತ ಸಾಹಸ ಬೇಡ.

ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಹಾಳೆಯ ಪರೀಕ್ಷೆ ಮತ್ತೆ ಮಾಡಿದೆ. ಒಳಬದಿಯಲ್ಲಿ ಈಗಲೂ ತೆಳುವಾಗಿ ಪಸೆ ಇದೆ, ಆದರೆ ಒದ್ದೆಯ ಗೆರೆ ಮೊಣಕಾಲಿಗಿಂತ ಕೆಳಗೆ ಇಳಿದಿದೆ. ಅಷ್ಟು ದಪ್ಪದ ಗೋಡೆ ಒಂದೇ ವರ್ಷದಲ್ಲಿ ಒಣಗುವುದಿಲ್ಲ. ಅಲ್ಲಲ್ಲಿ ಬಿಳಿ ಉಪ್ಪು ಬರುತ್ತಲೇ ಇದೆ. ಅದನ್ನು ಒಣ ಬ್ರಷ್ಷಿನಿಂದ ಉಜ್ಜಿ, ಉದುರಿದ ಹುಡಿಯನ್ನು ಹೊರಗೆ ಹಾಕುತ್ತೇನೆ. ನೀರಿನಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಸೇರುತ್ತದೆ. ಬಚ್ಚಲಿನ ಒಳಗೋಡೆಗೆ ಮಾತ್ರ ಸಿಮೆಂಟ್, ಟೈಲ್ಸ್ ಹಾಗೇ ಇಟ್ಟಿದ್ದೇನೆ. ದಿನಾ ನೀರು ಎರಚುವ ಜಾಗಕ್ಕೆ ಸುಣ್ಣ ತಾಳುವುದಿಲ್ಲ. ಆ ಗೋಡೆ ಆರಲಿ ಅಂತ ಹೊರಬದಿಯ ಸಿಮೆಂಟನ್ನು ಮುಂದಿನ ಬೇಸಗೆ ರಜೆಯಲ್ಲಿ ಕೀಳಬೇಕು.