ಹೊಸ ಮಾಡೆಲ್ ಬಂತು, ಕೈಲಿರುವ ಫೋನ್ ಬದಲಿಸಬೇಕಾ?

ಸೆಪ್ಟೆಂಬರ್ ಬಂತೆಂದರೆ ಹೊಸ ಐಫೋನ್. ವರ್ಷದ ಶುರುವಿನಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್. ನಡುವೆ ಉಳಿದ ಕಂಪನಿಗಳ ಫೋನುಗಳು ಬರುತ್ತಲೇ ಇರುತ್ತವೆ. ಕೋಲಾರದವರಿಗೆ ಈ ಸುದ್ದಿ ದೂರದ್ದೇನಲ್ಲ. ನರಸಾಪುರದಲ್ಲೇ ಐಫೋನ್ ಜೋಡಿಸುತ್ತಾರೆ. ತೈವಾನಿನ ವಿಸ್ಟ್ರಾನ್ ಕಂಪನಿ ಶುರು ಮಾಡಿದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡರು. ಆದರೂ ಅಂಗಡಿಗೆ ಹೋಗುವ ಮೊದಲು ನೋಡಬೇಕಾದದ್ದು ಹೊಸ ಫೋನಿನಲ್ಲಿ ಏನಿದೆ ಅನ್ನುವುದನ್ನಲ್ಲ, ನಿಮ್ಮ ಫೋನಿಗೆ ಏನಾಗಿದೆ ಅನ್ನುವುದನ್ನು.

ಮೊದಲು ಒಂದು ಚೀಟಿಯಲ್ಲಿ ದೂರು ಬರೆಯಿರಿ. ‘ಫೋನ್ ಹಳೇದಾಯ್ತು’ ಅನ್ನುವುದು ದೂರಲ್ಲ. ‘ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ’, ‘ಫೋಟೊ ತೆಗೆಯಲು ಜಾಗವಿಲ್ಲ’, ‘ಬ್ಯಾಂಕ್ ಆ್ಯಪ್ ತೆರೆಯುತ್ತಿಲ್ಲ’ ಎಂದು ಬಿಡಿಸಿ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಫೋನ್ ಚೆನ್ನಾಗಿದೆ ಎಂದೇ ಅರ್ಥ.

ದೂರುಗಳಲ್ಲಿ ಬ್ಯಾಟರಿಯದ್ದೇ ಜಾಸ್ತಿ. ಲಿಥಿಯಂ ಬ್ಯಾಟರಿ ಬಳಸಿದಷ್ಟೂ ಸವೆಯುತ್ತದೆ, ಅದು ಅದರ ಗುಣ. ಐಫೋನ್ 14ರವರೆಗಿನ ಬ್ಯಾಟರಿಗಳು 500 ಪೂರ್ತಿ ಚಾರ್ಜ್ ಆದ ಮೇಲೆ ಮೊದಲಿನ ಶಕ್ತಿಯ ಶೇ 80ರಷ್ಟು ಉಳಿಸಿಕೊಳ್ಳುವಂತೆ ಮಾಡಿದವು. 15ರಿಂದ ಈ ಲೆಕ್ಕ 1,000ಕ್ಕೆ ಏರಿದೆ. ದಿನಕ್ಕೊಂದು ಪೂರ್ತಿ ಚಾರ್ಜ್ ಎಂದುಕೊಂಡರೆ 500 ಮುಗಿಯಲು ಒಂದೂವರೆ ವರ್ಷವೂ ಬೇಡ. ಬೈಕಿನ ಹ್ಯಾಂಡಲ್ ಮೇಲೆ ಬಿಸಿಲಲ್ಲಿ ಸಿಕ್ಕಿಸಿಕೊಂಡು ಓಡಾಡಿದರೆ ಇನ್ನೂ ಬೇಗ ಸವೆಯುತ್ತದೆ. ಇದಕ್ಕೆ ಹೊಸ ಫೋನ್ ಬೇಕಿಲ್ಲ, ಹೊಸ ಬ್ಯಾಟರಿ ಸಾಕು. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ ಹಾಕಿಸಿ. ಕವರ್ ತೆಗೆದು ಫೋನನ್ನು ಪಕ್ಕದಿಂದ ಬೆಳಕಿಗೆ ಹಿಡಿದೂ ನೋಡಿ. ಸ್ಕ್ರೀನೋ ಹಿಂಬದಿಯೋ ಅಂಚಿನಿಂದ ಎದ್ದು ಬಿರುಕು ಬಿಟ್ಟಂತಿದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಒತ್ತಿ ಕೂರಿಸಲು ಹೋಗಬೇಡಿ. ಚಾರ್ಜ್‌ಗೆ ಹಾಕುವುದನ್ನು ಅವತ್ತೇ ನಿಲ್ಲಿಸಿ.

ಫೋನ್ ನಿಧಾನವಾಗಿದ್ದರೆ ಸ್ಟೋರೇಜ್ ನೋಡಿ. ಪೂರ್ತಿ ತುಂಬಿದ ಫೋನ್ ತಡವರಿಸುತ್ತದೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ ತೆರೆದರೆ ಯಾವ ಗ್ರೂಪಿನ ವಿಡಿಯೊ ಎಷ್ಟು ಜಾಗ ತಿಂದಿದೆ ಎಂದು ಕಾಣುತ್ತದೆ. ಬೇಡದ್ದನ್ನು ಅಲ್ಲೇ ಅಳಿಸಿ, ಒಂದು ವಾರ ಬಳಸಿ ನೋಡಿ.

ಇಷ್ಟು ರಿಪೇರಿಯ ಮಾತಾಯಿತು. ಫೋನ್ ಬದಲಿಸಲೇಬೇಕಾದ ಕಾರಣವೂ ಒಂದಿದೆ, ಅದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ಹುಡುಕಿ. ಅದು ವರ್ಷಕ್ಕಿಂತ ಹಿಂದಿನದಾಗಿದ್ದು, ಹೊಸ ಅಪ್‌ಡೇಟೂ ಸಿಗದಿದ್ದರೆ ಕಂಪನಿ ನಿಮ್ಮ ಮಾಡೆಲ್ಲನ್ನು ಕೈಬಿಟ್ಟಿರುವ ಸಾಧ್ಯತೆ ಹೆಚ್ಚು. ಕಂಪನಿಯ ವೆಬ್‌ಸೈಟಿನಲ್ಲಿ ಖಚಿತ ಮಾಡಿಕೊಳ್ಳಿ. ಟೊಮೆಟೊ ಮಂಡಿಯ ದುಡ್ಡು, ಡೇರಿಯ ಹಾಲಿನ ದುಡ್ಡು ಬೀಳುವ ಖಾತೆ ಇದೇ ಫೋನಿನಲ್ಲಿದೆ ಅಲ್ವಾ? ಸುರಕ್ಷತೆಯಲ್ಲಿ ಸಿಕ್ಕ ತೂತನ್ನು ಅಪ್‌ಡೇಟ್ ಕೊಟ್ಟು ಮುಚ್ಚುವವರು ಇಲ್ಲದ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಅದು ನೋಡಲು ಎಷ್ಟೇ ಹೊಸದಾಗಿರಲಿ, ಬದಲಿಸಿ.

ಕೊಳ್ಳುವಾಗಲೂ ಮೊದಲ ಪ್ರಶ್ನೆ ಇದೇ ಇರಲಿ: ಅಪ್‌ಡೇಟ್ ಎಷ್ಟು ವರ್ಷ? 2023ರ ಗೂಗಲ್ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಫೋನುಗಳಿಗೆ 7 ವರ್ಷದ ಮಾತು ಕೊಟ್ಟಿದ್ದಾರೆ. ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ ಅದರ ಅರ್ಧವೂ ಸಿಗುವುದಿಲ್ಲ. ಬೆಲೆಯನ್ನು ಉಳಿದಿರುವ ಅಪ್‌ಡೇಟ್ ವರ್ಷಗಳಿಂದ ಭಾಗಿಸಿ. ಅಗ್ಗದ್ದು ಯಾವುದು ಎಂದು ಆಗ ಗೊತ್ತಾಗುತ್ತದೆ.

ಜಾಹೀರಾತಿನ ಅಂಕಿಗಳಿಗೆ ಮರುಳಾಗಬೇಡಿ. 200 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ 16 ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ 12 ಮೆಗಾಪಿಕ್ಸೆಲ್ ಆಸುಪಾಸಿನ ಫೋಟೊ ಕೊಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದೂ ಕುಗ್ಗುತ್ತದೆ. 5ಜಿ ಬೇಕೆನ್ನುವವರು ಮನೆಯಲ್ಲಿ, ತೋಟದಲ್ಲಿ ಸಿಗ್ನಲ್ ಬರುತ್ತದಾ ಎಂದು 5ಜಿ ಫೋನಿರುವ ಪಕ್ಕದವರನ್ನು ಕೇಳಿ.

ಹೊಸದು ಬಂದ ದಿನ ಹಳೆಯದರ ಬೆಲೆ ನೋಡುವುದು ನನ್ನ ಮಟ್ಟಿಗೆ ಜಾಣತನ. 2024ರಲ್ಲಿ ಐಫೋನ್ 16ರ ಆರಂಭದ ಬೆಲೆ ₹79,900 ಇತ್ತು. ಮರುವರ್ಷ 17 ಬಂದ ಕೂಡಲೇ ಅದನ್ನು ₹69,900ಕ್ಕೆ ಇಳಿಸಿದರು. ಫೋನ್ ಅದೇ.

ಅಂಗಡಿಯವರು ‘ನೋ ಕಾಸ್ಟ್ ಇಎಂಐ’ (ಬಡ್ಡಿಯಿಲ್ಲದ ಕಂತು) ಎಂದು ಹೇಳಿದರೆ, ನಗದು ಕೊಟ್ಟರೆ ಎಷ್ಟು, ಕಂತಿನಲ್ಲಿ ಪ್ರೊಸೆಸಿಂಗ್ ಫೀ ಸೇರಿ ಒಟ್ಟು ಎಷ್ಟು ಎಂದು ಎರಡೂ ಲೆಕ್ಕ ಬರೆಸಿಕೊಳ್ಳಿ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಸುತ್ತೋಲೆ ಹೊರಡಿಸಿದೆ.

ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿ ಐಎಂಇಐ ನಂಬರ್ (ಫೋನಿನ ಗುರುತಿನ ಸಂಖ್ಯೆ) ತೆಗೆಯಿರಿ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಜಾಗ ಬಿಟ್ಟು ಆ ನಂಬರ್ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ. ಬ್ಲಾಕ್ ಆದ ಫೋನ್ ಎಂದು ಉತ್ತರ ಬಂದರೆ ಮುಟ್ಟಬೇಡಿ.

ಹಳೆಯದನ್ನು ಕೊಡುವ ಮೊದಲು ವಾಟ್ಸ್‌ಆ್ಯಪ್ ಬ್ಯಾಕಪ್ ಮಾಡಿ, ಗೂಗಲ್ ಖಾತೆ ತೆಗೆದು, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿ. ಹೊಸ ಫೋನಿನಲ್ಲಿ ಯುಪಿಐ ನೋಂದಾಯಿಸಿದ ಮೊದಲ ದಿನ ಕಳಿಸುವ ಹಣಕ್ಕೆ ಕಡಿಮೆ ಮಿತಿ ಇರುತ್ತದೆ. ಕೂಲಿ ಬಟವಾಡೆಯ ದಿನ, ಗೊಬ್ಬರದಂಗಡಿಗೆ ದುಡ್ಡು ಕಟ್ಟುವ ದಿನ ಫೋನ್ ಬದಲಿಸಬೇಡಿ.